ಜಾರಪ್ಪನವರ ಜೀವನಚಿತ್ರ

ಜಾರಪ್ಪನವರ ಜೀವನವನ್ನು ಸಿನಿಮಾ ಮಾಡುತ್ತಾರಂತೆ ಎಂಬ ಸುದ್ದಿ ಮನೆಗೆ ಬಂದದ್ದು ಒಂದು ಮಂಗಳವಾರ, ಬಟಾಣಿ ಸುಲಿಯುವ ಹೊತ್ತಿನಲ್ಲಿ. ಫೋನು ಎತ್ತಿಕೊಂಡವರು ಅವರ ಹೆಂಡತಿ, ಮನೆಯ ಅಜ್ಜಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಆಕೆಗೆ ಫೋನಿನಲ್ಲಿ ಯಾರು ಏನು ಹೇಳಿದರೂ ಆಶ್ಚರ್ಯವಾಗುವುದಿಲ್ಲ. “ಒಂದ್ನಿಮಿಷ ಲೈನಲ್ಲಿರಿ” ಎಂದು ಫೋನನ್ನು ಬಟಾಣಿ ಸಿಪ್ಪೆಯ ಪಕ್ಕದಲ್ಲಿಟ್ಟು ಒಳಗೆ ಕೂಗಿದರು.

“ರೀ, ನಿಮ್ಮ ಜೀವನದ ಮೇಲೆ ಸಿನಿಮಾ ಮಾಡ್ತಾರಂತೆ. ಏನಂತ ಹೇಳ್ಲಿ?”

“ಸತ್ತ ಮೇಲೆ ಮಾಡಿ ಅನ್ನು. ಆಗ ನಾನು ಬಿಡುವಾಗಿರ್ತೀನಿ.”

ಅಜ್ಜಿ ಅದನ್ನು ಒಂದಕ್ಷರ ಬಿಡದೆ ಫೋನಿಗೆ ಹೇಳಿದರು. ಆ ಕಡೆಯವರು ಬಹಳ ಹೊತ್ತು ನಕ್ಕು, ಶನಿವಾರ ಬರುತ್ತೇವೆ ಎಂದು ಫೋನಿಟ್ಟರು. ನಗಿಸಿದವನನ್ನು ಯಾರೂ ಬಿಡುವುದಿಲ್ಲ.

ಜಾರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಲವತ್ತು ವರ್ಷದಲ್ಲಿ ನೂರಾ ಎಂಬತ್ತು ಸಿನಿಮಾಗಳಲ್ಲಿ ಅವರು ಜಾರಿ ಬಿದ್ದಿದ್ದಾರೆ. ಮೆಟ್ಟಿಲಿಂದ, ಏಣಿಯಿಂದ, ಓಡುವ ಸೈಕಲ್ಲಿಂದ, ಒಮ್ಮೆ ನಾಯಕಿಯ ಅಪ್ಪನ ತೊಡೆಯ ಮೇಲಿಂದ. ಅವರ ನಿಜವಾದ ಹೆಸರು ಈಗ ಬ್ಯಾಂಕಿನವರಿಗೆ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ. ವಯಸ್ಸು ಅರವತ್ತೆಂಟು. ಬೀಳಬೇಡಿ ಎಂದು ಡಾಕ್ಟರು ಹೇಳಿ ಆರು ವರ್ಷವಾಗಿದೆ. ಆದರೆ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವುದನ್ನು ಯಾವ ಡಾಕ್ಟರೂ ನಿಲ್ಲಿಸಿಲ್ಲ. ನನ್ನ ಮುಖ ನೋಡಿ ಕ್ಯಾಮೆರಾದವನು ಲೆನ್ಸ್ ಒರೆಸಿಕೊಂಡ ಎಂದು ಅವರು ಹೇಳಿದರೆ, ಎದುರಿಗಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಕ್ಕು, “ಛೆ ಛೆ, ಹಾಗನ್ಬೇಡಿ ಸಾರ್” ಎಂದು ಸಮಾಧಾನವನ್ನೂ ಹೇಳುತ್ತಾರೆ. ಎರಡೂ ಅವರಿಗೆ ಇಷ್ಟ.

ಎರಡು ದಿನ ಅವರು ಜೀವನಚಿತ್ರಗಳನ್ನೇ ಹಿಡಿದು ಜಾಡಿಸಿದರು.

“ನಮ್ಮ ಕಾಲದ ದೊಡ್ಡ ಹೀರೋ ಮೇಲೆ ಮಾಡಿದ್ರಲ್ಲ, ಮೂರು ಗಂಟೆ ಸಿನಿಮಾದಲ್ಲಿ ಮನುಷ್ಯ ಒಂದ್ಸಲ ಸೀನಲೂ ಇಲ್ಲ. ಅವನಿಗೆ ವರ್ಷವಿಡೀ ನೆಗಡಿ ಅಂತ ನನಗೆ ಗೊತ್ತಿಲ್ವಾ? ಇನ್ನೊಬ್ಬಾಕೆ, ನನ್ನ ಪಾತ್ರಕ್ಕೆ ನನಗಿಂತ ಚೆನ್ನಾಗಿರೋಳನ್ನ ಹಾಕಿದ್ರು ಅಂತ ಕೋರ್ಟಿಗೆ ಹೋದ್ಲು.”

“ಚೆನ್ನಾಗಿಲ್ದೇ ಇರೋಳನ್ನ ಹಾಕಿದ್ರೆ?” ಎಂದಳು ಹದಿನೇಳರ ಮೊಮ್ಮಗಳು.

“ಕೊಲೆ ಆಗ್ತಿತ್ತು.”

ಗುರುವಾರ ಬೆಳಿಗ್ಗೆ ಇದೇ ಮಹಾನುಭಾವರು ಬಚ್ಚಲುಮನೆಯ ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತು, ಎಡಗಡೆ ಮುಖ ಚೆನ್ನೋ ಬಲಗಡೆ ಮುಖ ಚೆನ್ನೋ ಎಂದು ನೋಡಿಕೊಂಡರು. ಸ್ಕೂಲ್ ಬಸ್ ಓಡಿಸುವ ಅಳಿಯ ಸ್ನಾನಕ್ಕೆ ಕಾದು ಕಾದು, ಕೊನೆಗೆ ಅಡುಗೆಮನೆಯ ನಲ್ಲಿಯಲ್ಲೇ ಮುಖ ತೊಳೆದುಕೊಂಡು ಹೋದ. ಅವತ್ತು ಊಟಕ್ಕೆ ಕೂತಾಗ ಜಾರಪ್ಪನವರು ಅನ್ನ ಕಲಸುತ್ತಾ, “ನನ್ನ ಪಾತ್ರ ಮಾಡೋನು ಸ್ವಲ್ಪ ಎತ್ತರ ಇರ್ಲಿ ಅಂತ ಹೇಳ್ಬೇಕು” ಎಂದರು. ಯಾರೂ ನಗಲಿಲ್ಲ, ಏಕೆಂದರೆ ಅದು ಜೋಕಾಗಿರಲಿಲ್ಲ.

ಶನಿವಾರ ಬಂದವಳು ಚಿತ್ರಕಥೆ ಬರೆಯುವವಳು. ನಲವತ್ತರ ಹೆಂಗಸು, ಹೆಗಲಿಗೆ ದೊಡ್ಡ ಚೀಲ, ಸದಾ ಮೂಗಿನ ಮೇಲೆ ಜಾರುವ ಕನ್ನಡಕ. ಫೈಲಿನಿಂದ ಒಂದೊಂದೇ ಕಾಗದ ತೆಗೆದು ಊಟದ ಮೇಜಿನ ಮೇಲೆ ಹರಡಿದಳು. ಸಿನಿಮಾದಲ್ಲಿ ಬರುವ, ಬದುಕಿರುವ ಪ್ರತಿಯೊಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಂತೆ. ಜತೆಗೆ ಯಾರು ಯಾರು ಯಾವ ಯಾವ ದೃಶ್ಯದಲ್ಲಿ ಬರುತ್ತಾರೆ ಎಂಬ ಪಟ್ಟಿ.

ಅಜ್ಜಿ ಪತ್ರದಲ್ಲಿದ್ದ ಫೋನ್ ನಂಬರಿನ ಒಂದು ತಪ್ಪನ್ನು ತಿದ್ದಿ ಸಹಿ ಹಾಕಿದರು. ಅಳಿಯ, “ನಾನೆಲ್ಲಿ ಬರ್ತೀನಿ?” ಎಂದು ಕೇಳಿದ.

“ಮದುವೆ ಸೀನಲ್ಲಿ. ಐದು ಸೆಕೆಂಡು.”

“ಸಾಕು” ಎಂದು ಅವನೂ ಸಹಿ ಹಾಕಿ, ಬಂದವಳಿಗೆ ಮೊಟ್ಟೆ ಬೇಯಿಸಲು ಹೋದ. ಬಸ್ಸಿನ ಬೆಳಗಿನ ಸುತ್ತಿಗೂ ಸಂಜೆಯ ಸುತ್ತಿಗೂ ನಡುವೆ ಆ ಮನೆಯ ಒಲೆ ಅವನದು.

ಮಗಳು ಮಾತ್ರ ಪಟ್ಟಿಯನ್ನು ಪೂರ್ತಿ ಓದಿದಳು. ಎರಡು ರಸ್ತೆ ಆಚೆ ಅವಳದೊಂದು ಕನ್ನಡಕದ ಅಂಗಡಿಯಿದೆ. ಸಣ್ಣಕ್ಷರ ಓದುವುದು, ಓದಿಸುವುದು ಅವಳ ಕಸುಬು. ನಾಲ್ಕನೇ ಪುಟದಲ್ಲಿ ಅವಳ ಬೆರಳು ನಿಂತಿತು. ‘ಮಗಳನ್ನು ಸ್ಟುಡಿಯೋದಲ್ಲಿ ಮರೆತು ಬರುವ ದೃಶ್ಯ. ಹಾಸ್ಯ. ಆರು ನಿಮಿಷ.’ ಅವಳು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ಇದನ್ನ ನನ್ನ ಹತ್ರಾನೇ ಬಿಟ್ಟಿರಿ. ಹೇಳ್ತೀನಿ.”

“ಅದರಲ್ಲೇನಿದೆ ಹೇಳೋಕೆ? ಹಾಕ್ಬಿಡು” ಎಂದರು ಜಾರಪ್ಪನವರು.

“ಹೇಳ್ತೀನಿ ಅಂದ್ನಲ್ಲ ಅಪ್ಪ.”

ಆ ದೃಶ್ಯ ಯಾವುದು ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಜಾರಪ್ಪನವರ ಜೋಕುಗಳಲ್ಲೆಲ್ಲ ಹೆಸರಾದದ್ದು ಅದೇ. ರೇಡಿಯೋದಲ್ಲಿ, ಟೀವಿಯಲ್ಲಿ, ಸನ್ಮಾನದ ವೇದಿಕೆಗಳಲ್ಲಿ, ಕೊನೆಗೆ ಮಗಳ ಮದುವೆಯಲ್ಲೂ ಮೈಕು ಹಿಡಿದು ಹೇಳಿದ್ದರು: ಏಳು ವರ್ಷದ ಮಗಳನ್ನು ಶೂಟಿಂಗಿಗೆ ಕರೆದುಕೊಂಡು ಹೋಗಿದ್ದೆ. ಶೂಟಿಂಗ್ ಮುಗಿಯಿತು. ಛತ್ರಿ ಮರೆಯಲಿಲ್ಲ, ಟಿಫನ್ ಡಬ್ಬಿ ಮರೆಯಲಿಲ್ಲ, ಯಾರದೋ ಟೋಪಿಯನ್ನು ಕೂಡ ನೆನಪಿಟ್ಟು ತಂದೆ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತೆ. ಹೆಂಡತಿ ಮೂರು ತಟ್ಟೆ ಹಾಕಿದ್ದಳು. ನಾನು ಕೇಳಿದೆ, “ಮೂರನೇ ತಟ್ಟೆ ಯಾರಿಗೇ? ನೆಂಟ್ರು ಬರ್ತಾರಾ?”

ಇಲ್ಲಿಗೆ ಜನ ಕುರ್ಚಿಯಿಂದ ಜಾರುತ್ತಿದ್ದರು. “ನನ್ನಂಥ ಅಪ್ಪ ಶತ್ರುವಿಗೂ ಬೇಡ” ಎಂದು ಅವರು ಕೈಮುಗಿದಾಗ ಚಪ್ಪಾಳೆ ಬೀಳುತ್ತಿತ್ತು. ಮಗಳಿಗೆ ಶಾಲೆಯಲ್ಲಿ ಬಿದ್ದದ್ದು ‘ತಟ್ಟೆ’ ಎಂಬ ಹೆಸರು. ಈಗಲೂ ಕನ್ನಡಕ ಕೊಳ್ಳಲು ಬಂದವರು ದುಡ್ಡು ಕೊಡುವಾಗ ಅವಳ ಮುಖವನ್ನೊಮ್ಮೆ ನೋಡಿ, “ನೀವೇ ಅಲ್ವಾ ಆ ಮೂರನೇ ತಟ್ಟೆ?” ಎನ್ನುತ್ತಾರೆ. ಅವಳು ಹೌದೆಂದು ಚಿಲ್ಲರೆ ಕೊಡುತ್ತಾಳೆ.

ಎರಡನೆಯ ವಾರವೂ ಸಹಿ ಬೀಳಲಿಲ್ಲ. ಬರಹಗಾರ್ತಿ ಎರಡು ದಿನಕ್ಕೊಮ್ಮೆ ಬಂದು ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದಳು. ಅವಳು ಯಾವ ಪ್ರಶ್ನೆ ಕೇಳಿದರೂ ಜಾರಪ್ಪನವರು ತಮ್ಮನ್ನು ತಾವೇ ಒಂದು ಕೆಸರುಗುಂಡಿಗೆ ದೂಡಿಕೊಂಡು, ಮೇಲೆದ್ದು ನಗುತ್ತಿದ್ದರು. ಬಡತನ ಕೇಳಿದರೆ ಜೋಕು, ಅವರ ಅಪ್ಪ ಸತ್ತದ್ದು ಕೇಳಿದರೂ ಜೋಕು. ಅವಳು ಹತ್ತು ಟೇಪು ತುಂಬಿಸಿಕೊಂಡು, ಬರೆಯಲು ಒಂದು ಸಾಲೂ ಸಿಗದೆ ಮನೆಗೆ ಹೋಗುತ್ತಿದ್ದಳು.

ಆ ಶುಕ್ರವಾರ ಊಟಕ್ಕೆ ಕೂತಾಗ ಜಾರಪ್ಪನವರು ಸುತ್ತುಬಳಸು ಮಾತು ಬಿಟ್ಟರು.

“ಪ್ರೊಡ್ಯೂಸರ್ ಫೋನ್ ಮಾಡಿದ್ದ. ಆ ಸೀನೇ ಸಿನಿಮಾದ ಜೀವ ಅಂತೆ. ಅದಿಲ್ಲ ಅಂದ್ರೆ ಸಿನಿಮಾನೇ ಇಲ್ಲ ಅಂದ. ನಿಂದೊಂದು ಸಹಿಗೆ ಎಲ್ಲಾ ನಿಂತಿದೆ.”

“ಗೊತ್ತು.”

“ಗೊತ್ತಿದ್ದೂ ಮುಖ ಊದಿಸ್ಕೊಂಡು ಕೂತ್ರೆ? ಜೋಕು ಯಾರ ಮೇಲೆ? ನನ್ನ ಮೇಲೆ. ಕತ್ತೆ ಆಗೋದು ಯಾರು? ನಾನು. ನಿಂಗೇನು ಕಷ್ಟ?”

“ನೀವು ಕತ್ತೆ ಆಗೋದೇ ಕಷ್ಟ.”

“ಅಂದ್ರೆ?”

ಮಗಳು ತಟ್ಟೆಯ ಅಂಚಿಗೆ ಆಲೂಗಡ್ಡೆ ಸರಿಸಿದಳು. “ನೀವೇ ನಿಮ್ಮನ್ನ ಬೈಕೊಂಡ್ಬಿಟ್ರೆ ನಾವೆಲ್ಲ ಸೇರಿ ನಿಮ್ಮನ್ನ ಸಮಾಧಾನ ಮಾಡ್ಬೇಕು. ಒಳ್ಳೆ ಅಪ್ಪ ನೀವು, ಹಾಗನ್ಬೇಡಿ ಅಂತ. ಬೈಬೇಕು ಅಂತಿರೋರು ಎಲ್ಲಿ ಹೋಗ್ಬೇಕು?”

“ಬೈಯಮ್ಮ, ಬೈ. ಯಾರು ಬೇಡ ಅಂದ್ರು? ನಾನೇ ಹೇಳ್ಕೊಡ್ತೀನಿ ಬೈಗುಳ.”

“ನೋಡಿ, ಇದೇ” ಎಂದಳು ಮಗಳು.

ಅಳಿಯ ಪಾತ್ರೆ ಹಿಡಿದು, “ಇನ್ನೊಂಚೂರು ಹಾಕ್ಲಾ?” ಎಂದ. ಮನೆಯಲ್ಲಿ ಜಗಳ ಕಾವೇರಿದಾಗೆಲ್ಲ ಅವನು ಬಡಿಸುತ್ತಾನೆ. ಅವನ ಪ್ರಕಾರ ಬಾಯಿ ತುಂಬಿದವರು ಜಗಳವಾಡುವುದಿಲ್ಲ.

ಮೊಮ್ಮಗಳಿಗೆ ತಾತನ ಪಾತ್ರ ಮಾಡುವ ನಟನನ್ನು ಕಣ್ಣಾರೆ ನೋಡುವ ಆಸೆ. “ಅಮ್ಮ, ತಮಾಷೆಗೆ ತಾನೇ? ಅಜ್ಜಿ ಸಹಿ ಹಾಕಿಲ್ವಾ? ಮೂರು ತಟ್ಟೆ ಹಾಕಿದ್ದು ಅಜ್ಜಿ. ಅಜ್ಜಿಗೇ ಬೇಜಾರಿಲ್ಲ.”

“ನಾನೆಲ್ಲಿ ಹಾಕಿದೆ?” ಎಂದರು ಅಜ್ಜಿ, ನೀರು ಕುಡಿಯುತ್ತಾ. “ಅವತ್ತು ನನಗೆ ಡ್ಯೂಟಿ. ಸ್ಕೂಲಿಗೆ ರಜ, ಅದಕ್ಕೇ ಇವಳನ್ನ ಇವರ ಜತೆ ಕಳ್ಸಿದ್ದು. ನಾನು ಮನೆಗೆ ಬಂದಿದ್ದೇ ಎಂಟು ಗಂಟೆಗೆ. ಒಲೆ ಹಚ್ಚಿರ್ಲಿಲ್ಲ, ತಟ್ಟೆ ಎಲ್ಲಿಂದ ಬರುತ್ತೆ?”

ಮೊಮ್ಮಗಳು ತಾತನ ಮುಖ ನೋಡಿದಳು.

“ಕತೆಗೆ ಸ್ವಲ್ಪ ಉಪ್ಪು ಹಾಕ್ಬೇಕಾಗುತ್ತೆ” ಎಂದರು ಜಾರಪ್ಪನವರು. ಅವರು ಬೇಗ ಊಟ ಮುಗಿಸಿ ಎದ್ದರು.

ಮುಂದಿನ ಸೋಮವಾರ ಬರಹಗಾರ್ತಿ ಮನೆಗೆ ಬರುವ ಬದಲು ಅಂಗಡಿಗೆ ಹೋದಳು. ಅವಳ ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಅದು ನೆಪವೂ ಹೌದು, ನಿಜವೂ ಹೌದು. ಮಗಳು ಕನ್ನಡಕ ಬಿಚ್ಚಿಸಿಕೊಂಡು, ದೀಪ ಹತ್ತಿರಕ್ಕೆ ಎಳೆದು, ಸಾಸಿವೆಯಷ್ಟು ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದಳು.

“ಒಂದು ಕೇಳ್ತೀನಿ, ಇಷ್ಟ ಇದ್ರೆ ಹೇಳಿ” ಎಂದಳು ಬರಹಗಾರ್ತಿ. “ಅವತ್ತು ಅವರು ಏನೇನು ಮಾಡಿದ್ರು ಅಂತ ನನಗೆ ಬಾಯಿಪಾಠ ಆಗಿದೆ. ನೀವೇನ್ ಮಾಡ್ತಿದ್ರಿ?”

ಮೂವತ್ತಾರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಗಳು ತಿರುಪನ್ನು ಕೂರಿಸಿ, ಬಿಗಿ ಮಾಡಿ, ಆಮೇಲೆ ಹೇಳಿದಳು.

“ಗುಂಡಿ ಆರಿಸ್ತಿದ್ದೆ.”

“ಗುಂಡಿ?”

“ಬಟ್ಟೆ ಹೊಲಿಯೋ ರೂಮಲ್ಲಿ ಬಿಟ್ಟಿದ್ರು. ಅಲ್ಲಿ ಟೈಲರ್ ಒಬ್ರು ಒಂದು ಡಬ್ಬಿ ತುಂಬ ಗುಂಡಿ ಕೊಟ್ರು. ಮೊದಲು ಬಣ್ಣ ನೋಡಿ ಬೇರೆ ಮಾಡ್ದೆ. ಆಮೇಲೆ ಸೈಜು. ಆಮೇಲೆ ಎರಡು ತೂತಿಂದು, ನಾಲ್ಕು ತೂತಿಂದು. ಅಷ್ಟೊತ್ತಿಗೆ ಟೈಲರು ಬಾಗಿಲು ಹಾಕೋ ಹೊತ್ತಾಯ್ತು. ನನ್ನನ್ನ ಗೇಟಿನ ಹತ್ರ ವಾಚ್‌ಮನ್ ಬೆಂಚಿನ ಮೇಲೆ ಕೂರಿಸಿ, ನಿಮ್ಮ ಮಾಮ ಈಗ ಬರ್ತಾರೆ ಅಂತ ಹೇಳಿ ಹೋದ್ರು.”

“ಮಾಮ ಯಾರು?”

“ಅಪ್ಪನೇ. ಬೆಳಿಗ್ಗೆ ಬಸ್ಸಲ್ಲಿ ಹೇಳ್ಕೊಟ್ಟಿದ್ರು. ಅಲ್ಲಿ ನನ್ನ ಅಪ್ಪ ಅನ್ಬೇಡ, ಮಾಮ ಅನ್ನು, ಪಕ್ಕದ ಮನೆ ಮಗು ಅಂತ ಹೇಳು ಅಂತ. ಕಂಪನಿಯವರಿಗೆ ಇವರು ಮದುವೆ ಆಗದ ಹುಡುಗ, ವಯಸ್ಸು ಇಪ್ಪತ್ತೈದು ಅಂತ ಹೇಳಿದ್ರು. ಕಾಲೇಜು ಹುಡುಗನ ಪಾತ್ರ, ಅದಕ್ಕೆ. ನನಗೆ ಅದೊಂದು ಆಟ ಅನ್ನಿಸ್ತು. ದಿನವಿಡೀ ಎಲ್ಲೂ ತಪ್ಪಲಿಲ್ಲ ನಾನು.”

ಬರಹಗಾರ್ತಿ ಚೀಲದಿಂದ ರೆಕಾರ್ಡರ್ ತೆಗೆಯಲಿಲ್ಲ. ಕನ್ನಡಕವಿಲ್ಲದೆ ಅವಳಿಗೆ ಎದುರಿನ ಮುಖ ಮಸುಕಾಗಿ ಕಾಣುತ್ತಿತ್ತು; ಬಹುಶಃ ಅದರಿಂದಲೇ ಮಗಳಿಗೆ ಮಾತು ಸುಲಭವಾಯಿತು.

“ಸಂಜೆ ಪ್ರೊಡ್ಯೂಸರ್ ಕಾರು ಗೇಟಿನ ಹತ್ರ ಬಂತು. ಅಪ್ಪ ಅದರ ಹಿಂದೇ ನಡ್ಕೊಂಡು ಬಂದ್ರು. ಮೂರು ಸಿನಿಮಾಗೆ ಸಹಿ ಹಾಕೋಕೆ ಆಫೀಸಿಗೆ ಕರ್ಕೊಂಡು ಹೋಗ್ತಿದ್ರಂತೆ, ಆಮೇಲೆ ಗೊತ್ತಾಗಿದ್ದು. ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದೆ. ಅಪ್ಪ ಮರೆತಿರ್ಲಿಲ್ಲ. ನನ್ನ ನೋಡಿದ್ರು. ನೋಡಿ, ಕಾರು ಹತ್ತಿದ್ರು.”

“ನಿಮಗೆ ಇದು ಗೊತ್ತು ಅಂತ ಅವರಿಗೆ ಗೊತ್ತಾ?”

“ಇಲ್ಲ. ಅಮ್ಮಂಗೂ ಗೊತ್ತಿಲ್ಲ. ಅಮ್ಮಂಗೆ ಗೊತ್ತಿರೋದು ಮರೆವು.”

“ಸಹಿ ಹಾಕೋಕೆ ನಿಮಗೇನು ಬೇಕು?”

“ಅವರು ಹೇಳ್ಬೇಕು. ಒಂದೇ ಒಂದ್ಸಲ. ನಗಿಸದೆ.” ಮಗಳು ಗಾಜುಗಳನ್ನು ಬಟ್ಟೆಯಲ್ಲಿ ಒರೆಸಿ ಕನ್ನಡಕವನ್ನು ಅವಳ ಕೈಗಿತ್ತಳು. “ನೀವು ಇದನ್ನ ಬರೀಬೇಡಿ.”

“ಅವರ ಬಾಯಲ್ಲಿ ಬಂದ್ರೆ ಬರೀತೀನಿ. ಇಲ್ದಿದ್ರೆ ಇಲ್ಲ” ಎಂದಳು ಬರಹಗಾರ್ತಿ. ಆ ಮಾತನ್ನು ಅವಳು ಉಳಿಸಿಕೊಂಡಳು ಎಂದು ಹೇಳಲೇಬೇಕು. ಸಿನಿಮಾದವರೆಲ್ಲ ಒಂದೇ ಥರ ಇರುವುದಿಲ್ಲ.

ನಾಲ್ಕನೆಯ ವಾರ ಜಾರಪ್ಪನವರ ಪಾತ್ರ ಮಾಡುವ ನಟ ಮನೆಗೆ ಬಂದ. ಎತ್ತರದ ಆಸಾಮಿ, ಜಾರಪ್ಪನವರ ಆಸೆ ಈಡೇರಿತು. ಹೊರಗೆ ಓಣಿಯ ಜನ ಕಿಟಕಿಗೆ ಮುಖ ಒತ್ತಿಕೊಂಡು ನಿಂತರು. ಮೊಮ್ಮಗಳು ಎರಡು ಸಲ ಬಟ್ಟೆ ಬದಲಾಯಿಸಿದಳು. ನಟ ಮಾತ್ರ ಚಪ್ಪಲಿ ಬಿಟ್ಟು, ಪುಸ್ತಕ ಪೆನ್ನು ಹಿಡಿದು, ಪಾಠಕ್ಕೆ ಬಂದವನ ಹಾಗೆ ಕೂತ. ಅಳಿಯ ಕೊಟ್ಟ ಟೀಯನ್ನು ಆರಿಸಿಕೊಂಡು ಕುಡಿದ.

ಹಾಲಿನ ಮಧ್ಯೆ ಹಾಸಿಗೆ ಹಾಸಿ ಬೀಳುವ ಪಾಠ ಶುರುವಾಯಿತು. ಜಾರಪ್ಪನವರು ಕುರ್ಚಿಯಲ್ಲಿ ಕೂತು ಕೋಲು ತೋರಿಸುತ್ತಿದ್ದರು.

“ಮೊಣಕಾಲು ಸಡಿಲ ಬಿಡು. ಕೈ ಊರ್ಬೇಡ, ಕೈ ಊರಿದ್ರೆ ಮಣಿಕಟ್ಟು ಹೋಗುತ್ತೆ. ಇನ್ನೊಂದು ಗುಟ್ಟು ಕೇಳು. ಬೀಳೋನು ಎಲ್ಲಿ ಬೀಳ್ತೀನಿ ಅಂತ ಮೊದಲೇ ನೋಡ್ಕೊಂಡಿರ್ತಾನೆ. ನೋಡಿದ್ದು ಜನಕ್ಕೆ ಗೊತ್ತಾಗ್ಬಾರ್ದು. ವಿದ್ಯೆ ಅಂದ್ರೆ ಅಷ್ಟೇ.”

ನಟ ಹನ್ನೆರಡು ಸಲ ಬಿದ್ದ. ಹದಿಮೂರನೆಯದಕ್ಕೆ ಜಾರಪ್ಪನವರು ತಲೆಯಾಡಿಸಿದರು. ಅಜ್ಜಿ ಅವನಿಗೆ ನೋವಿನ ಎಣ್ಣೆ ತಂದುಕೊಟ್ಟರು. ಸಂಜೆಯ ಹೊತ್ತಿಗೆ ಮಗಳು ಅಂಗಡಿ ಮುಚ್ಚಿ ಬಂದಳು; ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ನಟ ಪುಸ್ತಕ ತೆರೆದ.

“ಸರ್, ಒಂದು ಅನುಮಾನ. ಆ ಮರೆಯೋ ಸೀನು. ಸ್ಟುಡಿಯೋಗೆ ಇರೋದು ಒಂದೇ ಗೇಟು. ಮಗು ಗೇಟಿನ ಬೆಂಚಿನ ಮೇಲೇ ಕೂತಿತ್ತು ಅಂತ ಅಜ್ಜಿ ಹೇಳಿದ್ರು. ಗೇಟು ದಾಟುವಾಗ ನೀವು ಎಲ್ಲಿ ನೋಡ್ತಿದ್ರಿ?”

“ಎಲ್ಲಿ ನೋಡ್ತಿದ್ದೆ ಅಂದ್ರೆ?”

“ಅಲ್ಲ, ನಾನು ಮಾಡ್ಬೇಕಲ್ಲ. ಕಣ್ಣೆದುರಿಗಿರೋ ಮಗು ಕಾಣ್ದೇ ಹೋಗ್ಬೇಕು ಅಂದ್ರೆ ನನ್ನ ಕಣ್ಣು ಎಲ್ಲಿರ್ಬೇಕು? ಆಕಾಶ ನೋಡ್ಲಾ, ಗಡಿಯಾರ ನೋಡ್ಕೊಳ್ಲಾ?”

ಇಂಥ ಪ್ರಶ್ನೆಗೆ ಹತ್ತು ಜೋಕು ಉದುರಿಸುವ ಮನುಷ್ಯ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ತಲೆಯೆತ್ತಿದಾಗ ಬಾಗಿಲಲ್ಲಿ ಮಗಳು ನಿಂತಿದ್ದಳು. ಅವರು ಹಾಸಿಗೆಯನ್ನು ನೋಡುತ್ತಾ, “ಕಾಲು ಹಿಡ್ಕೊಂಡಿದೆ. ಇವತ್ತಿಗೆ ಸಾಕು” ಎಂದರು.

ಅವತ್ತಿನಿಂದ ಮನೆ ಸಪ್ಪಗಾಯಿತು. ಜೋಕಿಲ್ಲದ ಜಾರಪ್ಪನವರನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಳಿಯ ಬೇಳೆಗೆ ಉಪ್ಪು ಮರೆತ ದಿನವೂ ಅವರು ಸುಮ್ಮನೆ ಉಂಡರು. ಬರಹಗಾರ್ತಿ ಬಂದಾಗ ಜ್ವರ ಎಂದರು. ಪ್ರೊಡ್ಯೂಸರ್ ಫೋನು ಮಾಡಿದರೆ ಅಜ್ಜಿಯೇ “ಅವರು ಮಲಗಿದಾರೆ” ಎಂದು ಸಾಲಾಗಿ ಸುಳ್ಳು ಹೇಳಿದರು. ಮೂರನೆಯ ದಿನ ಮಧ್ಯಾಹ್ನ ಅಜ್ಜಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಅವರು ಮಂಚದ ಇನ್ನೊಂದು ತುದಿಯಲ್ಲಿ ಬಂದು ಕೂತರು.

“ನಿಂಗೊಂದು ವಿಷಯ ಹೇಳ್ಬೇಕು ಕಣೇ. ನಗಬೇಡ.”

“ನಾನ್ಯಾವತ್ತು ನಕ್ಕಿದೀನಿ?” ಎಂದರು ಅಜ್ಜಿ. ಅದು ನಿಜವೇ.

ಅವರು ಹೇಳಿದರು. ಗೇಟು, ಕಾರು, ಇಪ್ಪತ್ತೈದು ವರ್ಷದ ಬ್ರಹ್ಮಚಾರಿ, ಎಲ್ಲ. ಆಫೀಸಿನಿಂದ ವಾಪಸು ಬರುವಾಗ, ಟೈಲರು ನಮ್ಮ ಕಡೆಯವನೇ, ಮಗುವನ್ನು ಮನೆಗೆ ಬಿಟ್ಟಿರುತ್ತಾನೆ ಎಂದುಕೊಂಡೆ. ಮನೆಗೆ ಬಂದರೆ ಮಗು ಇಲ್ಲ. ನೀನು ‘ಎಲ್ಲಿ ಅವಳು’ ಎಂದು ಕೇಳಿದೆ. ಬಾಯಿಗೆ ಬಂದದ್ದು ‘ಮರೆತೆ’ ಎಂಬ ಮಾತು. ಹೇಳಿದ ಮೇಲೆ ಅದನ್ನೇ ಹಿಡಿದುಕೊಂಡೆ.

ಅಜ್ಜಿ ಒಂದು ದಿಂಬಿನ ಚೀಲವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

“ಅವತ್ತು ಅವಳನ್ನ ಹುಡುಕ್ಕೊಂಡು ಹೋಗುವಾಗ ಬಸ್ಸಲ್ಲಿ ನಾನು ಅಳ್ತಾ ಕೂತಿದ್ದೆ. ನೀವು ಪಕ್ಕದಲ್ಲಿ ಕೂತು, ನಾನೊಬ್ಬ ಕತ್ತೆ, ನಾನೊಬ್ಬ ಕತ್ತೆ ಅಂತಿದ್ರಿ. ಹೋಗ್ಲಿ ಬಿಡಿ, ಯಾರಿಗಾದ್ರೂ ಆಗುತ್ತೆ ಅಂತ ನಾನೇ ನಿಮ್ಮ ಬೆನ್ನು ಸವರಿದೆ. ಮಗು ಸಿಗುತ್ತೋ ಇಲ್ವೋ ಗೊತ್ತಿಲ್ಲ, ನಾನು ನಿಮ್ಮ ಬೆನ್ನು ಸವರ್ತಾ ಇದ್ದೆ.”

“ಹೂಂ.”

“ಎರಡು ವರ್ಷ ಕಳೆದ ಮೇಲೆ ನಿಮಗೆ ಮದುವೆ ಆಗಿದೆ ಅಂತ ಪೇಪರಲ್ಲಿ ಬಂತು. ಕಂಪನಿಯೋರು ಯಾರಾದ್ರೂ ಯಾಕೆ ಅಂತ ಕೇಳಿದ್ರಾ?”

“ಒಬ್ರೂ ಕೇಳ್ಲಿಲ್ಲ.”

ಅಜ್ಜಿ ಎದ್ದು ಹೋದರು. ಆಮೇಲೆ ಎರಡು ದಿನ ಗಂಡನ ಜತೆ ಒಂದೊಂದೇ ಪದದಲ್ಲಿ ಮಾತಾಡಿದರು. “ಊಟ.” “ಫೋನು.” “ಮಾತ್ರೆ.” ಜಾರಪ್ಪನವರು ಬೈಸಿಕೊಂಡಿದ್ದರೆ ಸುಖವಾಗಿರುತ್ತಿತ್ತು. ಅಜ್ಜಿ ಆ ಸುಖ ಕೊಡಲಿಲ್ಲ. ಅವರಿಗೆ ನಿಜವಾಗಿ ನೋವಾಗಿತ್ತು. ಆ ನೋವಿನ ಮೇಲೆ ಗಂಡ ಹತ್ತಿ ನಿಂತು ಇನ್ನೊಂದು ಭಾಷಣ ಮಾಡುವುದು ಅವರಿಗೆ ಬೇಕಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟೀ ಲೋಟ ಮುಂದಿಟ್ಟು ಪೂರ್ತಿ ವಾಕ್ಯ ಹೇಳಿದರು.

“ನನಗೆ ಹೇಳಿದ್ದು ಸಾಕು. ಅವಳಿಗೆ ಹೋಗಿ ಹೇಳಿ. ಅಂಗಡಿಗೆ ಹೋಗಿ, ಮನೇಲಿ ಬೇಡ. ಮನೇಲಿ ನಾಲ್ಕು ಜನ ಇದ್ರೆ ನಿಮಗೆ ಸಭೆ ಅನ್ನಿಸ್ಬಿಡುತ್ತೆ.”

ಜಾರಪ್ಪನವರು ಅಂಗಡಿಗೆ ಹೋದದ್ದು ಹನ್ನೊಂದು ಗಂಟೆಗೆ. ಕನ್ನಡಕ ಬದಲಾಯಿಸಬೇಕು ಎಂದು ಮನೆಯಲ್ಲಿ ಮಗಳೇ ವರ್ಷದಿಂದ ಹೇಳುತ್ತಿದ್ದಳು. “ಕಣ್ಣು ಮಂಜಾಗಿದೆಯಮ್ಮ” ಎಂದು ಒಳಗೆ ಬಂದರು. ಮಗಳು ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಅಕ್ಷರದ ಹಲಗೆ ಓದಿಸಿದಳು. ಐದನೆಯ ಸಾಲಿನಲ್ಲಿ ಅವರು ತಡವರಿಸಿದರು. ಗಾಜುಗಳನ್ನು ಬದಲಾಯಿಸಿ, ಈಗ ಹೇಗಿದೆ, ಈಗ ಹೇಗಿದೆ ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ಎರಡು ಕಣ್ಣಿನ ನಡುವಿನ ದೂರ ಅಳೆಯುವ ಚಿಕ್ಕ ಪಟ್ಟಿ ತೆಗೆದುಕೊಂಡು, ಎದುರಿಗೆ ಸ್ಟೂಲ್ ಎಳೆದು, ಅವರ ಮುಖಕ್ಕೆ ಮುಖ ಕೊಟ್ಟು ಕೂತಳು. ಪಟ್ಟಿಯನ್ನು ಅವರ ಮೂಗಿನ ಮೇಲೆ ಅಡ್ಡವಾಗಿಟ್ಟಳು.

“ಅಲ್ಲಾಡ್ಬೇಡಿ. ನನ್ನ ಎಡಗಣ್ಣು ನೋಡಿ.”

ಅವರು ನೋಡಿದರು. ಅಷ್ಟು ಹತ್ತಿರದಿಂದ ಮಗಳ ಕಣ್ಣನ್ನು ಅವರು ನೋಡಿ ಎಷ್ಟು ವರ್ಷವಾಗಿತ್ತೋ. ಕಣ್ಣಿನ ಕೆಳಗೆ ಸಣ್ಣ ಗೆರೆಗಳು ಬಂದಿದ್ದವು.

“ನಾನು ಮರೆತಿರ್ಲಿಲ್ಲ ಕಣಮ್ಮ.”

ಪಟ್ಟಿ ಅಲುಗಲಿಲ್ಲ. ಅದು ಪಳಗಿದ ಕೈ. “ಈಗ ಬಲಗಣ್ಣು ನೋಡಿ” ಎಂದಳು.

“ಗೇಟಲ್ಲಿ ನಿನ್ನ ನೋಡ್ದೆ. ನೀನು ಬೆಂಚಿನ ಮೇಲೆ ಕೂತಿದ್ದೆ, ಕಾಲು ನೆಲಕ್ಕೆ ಎಟುಕ್ತಿರ್ಲಿಲ್ಲ. ಅವಳು ನನ್ನ ಮಗಳು ಅಂತ ಹೇಳಿದ್ರೆ ಆ ಮೂರು ಸಿನಿಮಾ ಹೋಗ್ತಿತ್ತು. ಹೋಗ್ತಿತ್ತು ಅಂತ ಅಂದ್ಕೊಂಡೆ. ಕಾರು ಹತ್ತಿದೆ. ತಪ್ಪು ಮಾಡ್ದೆ. ಮರೆವು ಅಂತ ಸುಳ್ಳು ಹೇಳ್ದೆ. ಆಮೇಲೆ ಅದನ್ನೇ ತಮಾಷೆ ಮಾಡಿ ಊರೆಲ್ಲ ಹಂಚಿದೆ.”

ಮಗಳು ಪಟ್ಟಿಯನ್ನು ಕೆಳಗಿಟ್ಟಳು. ಮಾತಿನ ಕೊನೆಗೆ ಎಲ್ಲಾದರೂ ಒಂದು ಕತ್ತೆಯೋ ಕೋತಿಯೋ ಬರುತ್ತದೆ ಎಂದು ಕಾದಳು. ಬರಲಿಲ್ಲ. ಎದೆಯ ಮೇಲಿನ ಭಾರ ಇಳಿಯಿತು ಎನ್ನುತ್ತಾರಲ್ಲ, ಅವಳಿಗೆ ಹಾಗೇ ಆಯಿತು. ಅಷ್ಟೇ ಅಲ್ಲ, ಅಪ್ಪನನ್ನು ಕಂಡು ಪಾಪ ಎನಿಸಿತು, ಪ್ರೀತಿಯೂ ಉಕ್ಕಿತು.

“ಅಮ್ಮಂಗೆ ಹೇಳಿದೀನಿ” ಎಂದರು ಜಾರಪ್ಪನವರು. “ಬರಹಗಾರ್ತಿಗೂ ಇವತ್ತೇ ಹೇಳ್ತೀನಿ. ಇದ್ದದ್ದು ಇದ್ದ ಹಾಗೆ ಬರೀಲಿ. ಪ್ರೊಡ್ಯೂಸರ್ ಬೇಡ ಅಂದ್ರೆ ಬೇಡ. ಸಿನಿಮಾ ಇಲ್ದೇನೂ ಬದುಕಿದ್ದೀನಲ್ಲ.”

“ಹೇಳಿ. ಹಾಗೆ ಬರೆದ್ರೆ ಸಹಿ ಹಾಕ್ತೀನಿ.”

ಅವರು ತಲೆಯಾಡಿಸಿದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವವರಂತೆ ಹೇಳಿದರು. “ಒಂದೇ ಒಂದು ಸಮಾಧಾನ ಏನು ಅಂದ್ರೆ, ನೀನು ನನ್ನ ನೋಡಿರ್ಲಿಲ್ಲ. ಕಾರು ಹತ್ತುವಾಗ ನೀನು ಆ ಕಡೆ ರಸ್ತೆಗೆ ಮುಖ ಮಾಡಿ ಕೂತಿದ್ದೆ. ನೋಡಿಲ್ಲ, ಮಗೂಗೆ ಗೊತ್ತಿಲ್ಲ ಅಂತ ಅಂದ್ಕೊಂಡೇ ಇಷ್ಟು ವರ್ಷ ನಾನು ಆ ಜೋಕು ಹೇಳೋಕಾಯ್ತು.”

ಮಗಳು ಸುಮ್ಮನಿರಬಹುದಿತ್ತು. ಅವಳು ಕೇಳಿದ್ದಕ್ಕಿಂತ ಮುದುಕರು ಹೆಚ್ಚೇ ಕೊಟ್ಟಿದ್ದರು. ಇದೊಂದನ್ನು ಅವರ ಹತ್ತಿರ ಬಿಟ್ಟರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ.

“ನೋಡಿದ್ದೆ ಅಪ್ಪ.”

“ಇಲ್ಲಮ್ಮ, ನೀನು ಆ ಕಡೆ—”

“ಮೊದಲು ನೋಡ್ದೆ. ನೀವು ಕಾರಿನ ಬಾಗಿಲು ಹಿಡ್ಕೊಂಡು ನಿಂತ್ಬಿಟ್ಟಿದ್ರಿ. ಒಳಗಿಂದ ಅವರು ಕರೀತಾನೇ ಇದ್ರು, ನೀವು ಹತ್ತಲೇ ಇಲ್ಲ. ನಾನು ನೋಡ್ತಾ ಇದ್ರೆ ನಿಮಗೆ ಹತ್ತೋಕೆ ಆಗಲ್ಲ ಅಂತ ಗೊತ್ತಾಯ್ತು. ಅದಕ್ಕೇ ಆ ಕಡೆ ತಿರುಗಿ ಕೂತೆ.”

ಜಾರಪ್ಪನವರ ಬಾಯಿ ತೆರೆದುಕೊಂಡಿತು. ನಲವತ್ತು ವರ್ಷ ಆ ಬಾಯಿ ಯಾವತ್ತೂ ಬರಿದಾಗಿ ತೆರೆದದ್ದಿಲ್ಲ. ಮಗಳು ಕಾದಳು. ಅವರ ಕಣ್ಣಲ್ಲಿ ನೀರು ತುಂಬಿ, ಕೆನ್ನೆಗೆ ಇಳಿದು, ಗಲ್ಲದವರೆಗೆ ಬಂತು; ಒರೆಸಿಕೊಳ್ಳುವುದಕ್ಕೂ ಅವರಿಗೆ ತೋಚಲಿಲ್ಲ. ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡು, ಅವರ ಮುಖವನ್ನೇ ನೋಡುತ್ತಾ ಕೂತಳು.